ಊರು ಹೋಯಿತು, ತಂಡ ಉಳಿಯಿತು



ಪೂರ್ವ ಬಂಗಾಳ ಎಂಬ ನಾಡು ಈಗ ಯಾವ ಭೂಪಟದಲ್ಲಿದೆ, ಹೇಳಿ ನೋಡುವ. ಮೊಮ್ಮಕ್ಕಳ ಅಟ್ಲಾಸ್ ತೆಗೆದು ಹುಡುಕಬೇಡಿ, ಸಿಗಲಾರದು. 1947ರಲ್ಲಿ ಅದು ಪಾಕಿಸ್ತಾನಕ್ಕೆ ಹೋಯಿತು. 1955ರಲ್ಲಿ ಹೆಸರನ್ನೂ ಅಳಿಸಿ ಪೂರ್ವ ಪಾಕಿಸ್ತಾನ ಎಂದರು. 1971ರಲ್ಲಿ ಅದೂ ಹೋಗಿ ಬಾಂಗ್ಲಾದೇಶವಾಯಿತು. ಆದರೂ ಕೊಲ್ಕತ್ತದಲ್ಲಿ ಹನ್ನೊಂದು ಜನ ಕೆಂಪು-ಹಳದಿ ಅಂಗಿ ತೊಟ್ಟು ಮೈದಾನಕ್ಕೆ ಇಳಿದರೆ ಸಾವಿರಾರು ಕಂಠಗಳು ಆ ಹೆಸರನ್ನು ಇಂದಿಗೂ ಕೂಗುತ್ತವೆ. ಈಸ್ಟ್ ಬೆಂಗಾಲ್! ಸರಕಾರಗಳು ಕೈಬಿಟ್ಟ ಹೆಸರನ್ನು ಒಂದು ಫುಟ್‌ಬಾಲ್ ತಂಡ ಉಳಿಸಿಕೊಂಡಿದೆ.

ನಮ್ಮ ಕಾಸರಗೋಡಿನವರಿಗೆ ಇದು ಬೇಗ ತಿಳಿದೀತು. ನನ್ನ ತಂದೆಯವರ ಹಳೆಯ ಕಾಗದಪತ್ರಗಳಲ್ಲಿ ‘ದಕ್ಷಿಣ ಕನ್ನಡ ಜಿಲ್ಲೆ’ ಎಂದಿದೆ. 1957ರ ಜನವರಿ 1ರ ಅನಂತರದವುಗಳಲ್ಲಿ ಕಣ್ಣೂರು ಜಿಲ್ಲೆ, 1984ರಿಂದ ಈಚೆಗೆ ಕಾಸರಗೋಡು ಜಿಲ್ಲೆ. ಮನೆ ಮಾತ್ರ ಅದೇ, ಬಾವಿಯೂ ಅದೇ.

ನಾನು ಮೆಟ್ರಿಕ್ ಪಾಸು ಮಾಡಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು, ಇತಿಹಾಸದ ಪಂಡಿತನಲ್ಲ. 1985ರಲ್ಲಿ ನನ್ನನ್ನು ಮೂರು ವರ್ಷಕ್ಕೆಂದು ಕೊಲ್ಕತ್ತದ ಶಾಖೆಗೆ ಹಾಕಿದರು. ಅಲ್ಲಿ ಪಕ್ಕದ ಕೌಂಟರಿನಲ್ಲಿ ಹಿರಿಯ ಕ್ಯಾಷಿಯರೊಬ್ಬರಿದ್ದರು. ಎಲ್ಲರೂ ಅವರನ್ನು ದಾದಾ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಮೊದಲ ದಿನವೇ ಅವರು ಕೇಳಿದ್ದು, “ನಿನ್ನ ದೇಶ ಯಾವುದು?” ಬಂಗಾಳಿಯಲ್ಲಿ ‘ದೇಶ’ ಎಂದರೆ ಹಿರಿಯರ ಊರು. ಕೇರಳ ಎಂದೆ. ಹಾಗಾದರೆ ಮಲಯಾಳಿಯೋ ಎಂದರು. ಅಲ್ಲ, ಕನ್ನಡದವನು ಎಂದೆ. ಹಾಗಾದರೆ ಬೆಂಗಳೂರೋ? ಅದೂ ಅಲ್ಲ. ಅವರು ನೋಟು ಎಣಿಸುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. “ಸರಿ, ನೀನೂ ನಮ್ಮವನೇ” ಎಂದು ಮತ್ತೆ ಎಣಿಸತೊಡಗಿದರು. ಅವರ ‘ದೇಶ’ ಬಾರಿಸಾಲ್. 1950ರ ಗಲಭೆಯ ವರ್ಷ ತಾಯಿಯ ಜತೆ ಅದನ್ನು ಬಿಟ್ಟು ಬಂದವರು.

ಇನ್ನು ತಂಡದ ಕತೆಗೆ ಬರೋಣ. 1920ರ ಜುಲೈ 28ರಂದು ಕೊಲ್ಕತ್ತದಲ್ಲಿ ಜೋಡಾಬಾಗಾನ್ ಎಂಬ ತಂಡಕ್ಕೂ ಮೋಹನ್ ಬಾಗಾನಿಗೂ ಪಂದ್ಯವಿತ್ತು. ಜೋಡಾಬಾಗಾನಿನವರು ಶೈಲೇಶ್ ಬೋಸ್ ಎಂಬ ಆಟಗಾರನನ್ನು ಕೈಬಿಟ್ಟರು. ಪೂರ್ವದವನೆಂಬ ಕಾರಣಕ್ಕೇ ಹೀಗೆ ಮಾಡಿದ್ದೆಂದು ಅವನ ಕಡೆಯವರು ಸಿಟ್ಟಾದರು. ಆ ಕ್ಲಬ್ಬಿನ ಉಪಾಧ್ಯಕ್ಷರಾಗಿದ್ದ ಸುರೇಶ್ ಚಂದ್ರ ಚೌಧುರಿ ಎಷ್ಟು ಹೇಳಿದರೂ ನಡೆಯದೆ ಹೋದಾಗ ಹೊರಬಂದು, ಆಗಸ್ಟ್ 1ರಂದು ಕೆಲವರನ್ನು ಕೂಡಿಸಿಕೊಂಡು ಈಸ್ಟ್ ಬೆಂಗಾಲ್ ಕ್ಲಬ್ ಕಟ್ಟಿದರು. ನಾಲ್ಕೇ ದಿನದ ಸಿಟ್ಟು ನೂರು ವರ್ಷ ದಾಟಿ ಬಾಳಿದೆ. 1925ರ ಮೇ 28ರಂದು ಕಲ್ಕತ್ತ ಲೀಗಿನಲ್ಲಿ ಮೊದಲ ಸಲ ಮೋಹನ್ ಬಾಗಾನಿಗೆ ಎದುರಾಗಿ 1-0ಯಿಂದ ಗೆದ್ದರು. 1942ರಲ್ಲಿ ಮೊದಲ ಲೀಗ್, ಮರುವರ್ಷ ಮೊದಲ ಐ.ಎಫ್.ಎ. ಶೀಲ್ಡ್.

ಆಗ ಇನ್ನೂ ದೇಶ ಒಡೆದಿರಲಿಲ್ಲ. ಪೂರ್ವದಿಂದ ಕೊಲ್ಕತ್ತಕ್ಕೆ ಓದಲು, ಕೆಲಸಕ್ಕೆ ಬಂದವರು ಪೂಜೆಯ ರಜೆಗೆ ಊರಿಗೆ ಹೋಗಿಬರುತ್ತಿದ್ದರು. ನಗರದವರು ಇವರ ಉಚ್ಚಾರಣೆಗೆ ನಕ್ಕು ‘ಬಾಂಗಾಲ್’ ಎನ್ನುತ್ತಿದ್ದರು, ಇವರು ತಿರುಗಿ ಅವರನ್ನು ‘ಘೋಟಿ’ ಎನ್ನುತ್ತಿದ್ದರು. ಮಂಗಳೂರಿನವರು ನಮ್ಮ ಕನ್ನಡಕ್ಕೆ ನಕ್ಕ ಹಾಗೆ ಎನ್ನಿ, ಅಷ್ಟರಲ್ಲೇ ಮುಗಿಯುವ ಜಗಳ.

1947ರ ಮೇಲೆ ಅದು ಬರೀ ನಗುವಿನ ಮಾತಾಗಿ ಉಳಿಯಲಿಲ್ಲ. ಲಕ್ಷಗಟ್ಟಲೆ ಜನ ಗಡಿ ದಾಟಿ ಬಂದರು. ಸಿಯಾಲ್ದಾ ರೈಲು ನಿಲ್ದಾಣದ ಪ್ಲಾಟ್‌ಫಾರಮ್ಮೇ ಎಷ್ಟೋ ಸಂಸಾರಗಳಿಗೆ ಮನೆಯಾಯಿತು. ನಗರದ ದಕ್ಷಿಣಕ್ಕೆ ಖಾಲಿ ಬಿದ್ದ ಜಾಗಗಳಲ್ಲಿ ಬಿದಿರು ನೆಟ್ಟು, ತಾವೇ ಕಾಲೊನಿ ಕಟ್ಟಿಕೊಂಡರು. ಜಮೀನು ಹೋಯಿತು, ಕೊಳ ಹೋಯಿತು, ಅಡಿಕೆ ತೋಟ ಹೋಯಿತು. ಬಾರಿಸಾಲಿನಲ್ಲೂ ಅಡಿಕೆ ತೋಟಗಳಿದ್ದವು ಎಂದು ದಾದಾ ಹೇಳುವಾಗ ನನಗೆ ಹೊಟ್ಟೆಯಲ್ಲಿ ಏನೋ ಆಗುತ್ತಿತ್ತು. ಹೊಸ ನಗರದಲ್ಲಿ ತಮ್ಮ ಊರಿನ ಹೆಸರು ಹೊತ್ತು ಎದೆಯೆತ್ತಿ ನಿಂತದ್ದು ಕಂಡದ್ದು ಆ ಕ್ಲಬ್ ಒಂದೇ. ಸರಿಯಾಗಿ ಅದೇ ಹೊತ್ತಿಗೆ ಅದು ಗೆಲ್ಲತೊಡಗಿತು! 1949ರಲ್ಲಿ ಲೀಗ್, ಶೀಲ್ಡ್, ಬೊಂಬಾಯಿಯ ರೋವರ್ಸ್ ಕಪ್ ಮೂರೂ ಬಂದವು. 1950 ಮತ್ತು 1951ರಲ್ಲೂ ಶೀಲ್ಡ್ ಅವರದೇ. ದಾದಾನ ತಾಯಿ ಒಂದು ಪಂದ್ಯವನ್ನೂ ನೋಡಿದವರಲ್ಲ. ಆದರೂ ಮಗ ಸಂಜೆ ಬಾಗಿಲಿಗೆ ಬಂದ ಕೂಡಲೇ, “ನಾವು ಗೆದ್ದೆವಾ?” ಎಂದು ಕೇಳುತ್ತಿದ್ದರಂತೆ. ‘ಅವರು’ ಅಲ್ಲ, ‘ನಾವು’. ಗೆದ್ದರೆ ಸಾಲ ಮಾಡಿಯಾದರೂ ಇಲಿಶ್ ಮೀನು ಬರಬೇಕು. ಮೋಹನ್ ಬಾಗಾನಿನವರು ಗೆದ್ದರೆ ಸಿಗಡಿ. ಪಂದ್ಯದ ದಿನ ಮಾರ್ಕೆಟ್ಟಿನಲ್ಲಿ ಮೀನಿನ ಕ್ರಯ ಕೇಳಿಯೇ ಫಲಿತಾಂಶ ತಿಳಿಯಬಹುದೆಂದು ನಮ್ಮ ಬ್ಯಾಂಕಿನಲ್ಲಿ ತಮಾಷೆ ಮಾಡುತ್ತಿದ್ದರು.

ಇಲ್ಲೊಂದು ಸೋಜಿಗವಿದೆ, ನನಗೆ ಬಹಳ ಇಷ್ಟವಾದದ್ದು. ನಿರಾಶ್ರಿತರಿಗೆ ಊರನ್ನು ಮರಳಿ ಕೊಟ್ಟಂತೆ ಆಡಿದ ಆ ಐವರು ಮುಂಚೂಣಿ ಆಟಗಾರರಲ್ಲಿ ಒಬ್ಬನೂ ಬಂಗಾಳಿಯಲ್ಲ! ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೆ, ಐವರೂ ದಕ್ಷಿಣದವರು. ಜನ ಅವರನ್ನು ಪಂಚಪಾಂಡವರು ಎಂದು ಕರೆದರು. ಇವರಲ್ಲಿ ಅಹ್ಮದ್ ಖಾನ್ ಬೆಂಗಳೂರಿನವರು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಬರಿಗಾಲಲ್ಲಿ ಆಡಿದವರು. 1952ರಲ್ಲಿ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯ ನಮ್ಮನ್ನು 10-1ರಿಂದ ಬಗ್ಗುಬಡಿದಾಗ ಆ ಒಂದು ಗೋಲು ಹೊಡೆದವರೂ ಇವರೇ. ಚೆಂಡನ್ನು ಕಾಲಲ್ಲಿ ಆಡಿಸುವ ಚಂದಕ್ಕೆ ಅವರನ್ನು ಹಾವಾಡಿಗ ಎನ್ನುತ್ತಿದ್ದರು. 1949ರಿಂದ ಹತ್ತು ವರ್ಷ ಒಂದೇ ಕ್ಲಬ್ಬಿಗೆ ಆಡಿ, ಮತ್ತೆ ಬೆಂಗಳೂರಿಗೆ ಮರಳಿ, 2017ರ ಆಗಸ್ಟಿನಲ್ಲಿ ತೀರಿಕೊಂಡರು. ದಾದಾ ನನ್ನಲ್ಲಿ “ನಿಮ್ಮ ಅಹ್ಮದ್” ಎಂದು ಅಕ್ಕರೆಯಿಂದ ಹೇಳಿದಾಗ ನಾನು ಆ ಹೆಸರನ್ನೇ ಕೇಳಿರಲಿಲ್ಲ. ಕೇಳಿದವನ ಹಾಗೆ ತಲೆಯಾಡಿಸಿದೆ. ಆ ನಾಚಿಕೆ ಈಗಲೂ ಇದೆ.

ಎದುರು ಪಕ್ಷದ ಕತೆಯೂ ಹಾಗೆಯೇ. 1911ರಲ್ಲಿ ಬರಿಗಾಲಿನಲ್ಲಿ ಆಡಿ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು 2-1ರಿಂದ ಸೋಲಿಸಿ ಶೀಲ್ಡ್ ಗೆದ್ದ ಮೋಹನ್ ಬಾಗಾನ್ ತಂಡದಲ್ಲಿ ಹಲವರ ಮೂಲ ಪೂರ್ವ ಬಂಗಾಳವೇ. ರಕ್ತ ಹಿಡಿದು ಲೆಕ್ಕ ಹಾಕಲು ಹೋದರೆ ಯಾವ ಖಾತೆಯೂ ತಾಳೆಯಾಗುವುದಿಲ್ಲ.

ಎಲ್ಲವೂ ಚಂದ ಎಂದು ನಾನು ಹೇಳಲಾರೆ. 1975ರ ಶೀಲ್ಡ್ ಫೈನಲಿನಲ್ಲಿ ಈಸ್ಟ್ ಬೆಂಗಾಲ್ 5-0ಯಿಂದ ಗೆದ್ದಾಗ, ಸೋತ ಕಡೆಯ ಅಭಿಮಾನಿಯೊಬ್ಬ ಪ್ರಾಣ ಕಳೆದುಕೊಂಡ. 1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸಿನಲ್ಲಿ ಇವೆರಡು ತಂಡಗಳ ಪಂದ್ಯದ ವೇಳೆ ನಡೆದ ಹೊಡೆದಾಟ, ನೂಕುನುಗ್ಗಲಲ್ಲಿ 16 ಜನ ಸತ್ತರು. ಆ ಪಂದ್ಯಕ್ಕೆ ದಾದಾ ಹೋಗಿದ್ದರು. ಆಮೇಲೆ ಎರಡು ವರ್ಷ ಆಟ ನೋಡಲು ಹೋಗಲಿಲ್ಲವಂತೆ. ಅದರ ಬಗ್ಗೆ ಹೆಚ್ಚು ಮಾತಾಡುತ್ತಿರಲಿಲ್ಲ, ನಾನೂ ಕೆದಕಲಿಲ್ಲ.

ನಾನು ಹೇಳಬೇಕೆಂದು ಕೂತದ್ದು ದಾದಾನ ಚಿಕ್ಕಪ್ಪನ ವಿಷಯ. ಅವರು ಬಾರಿಸಾಲಿನಲ್ಲಿ ಶಾಲೆಯ ಮಾಸ್ತರರು. ಎಲ್ಲರೂ ಹೊರಟಾಗ ಅವರು ಮಾತ್ರ, ನಾನು ಎಲ್ಲಿಗೂ ಬರುವುದಿಲ್ಲ ಎಂದು ಕೂತರು. 1952ರ ಅಕ್ಟೋಬರಿನಲ್ಲಿ ಪಾಸ್‌ಪೋರ್ಟ್, ವೀಸಾ ಬಂತು. ಊರಿನ ಹೆಸರು ಹೊತ್ತ ಕ್ಲಬ್ ಪರದೇಶದ್ದಾಯಿತು, ಊರಲ್ಲೇ ಕೂತ ಅಭಿಮಾನಿ ಹೊರದೇಶದವನಾದ! ಮನೆ ಬಿಟ್ಟು ಕದಲದೆ ಪರದೇಶಿಯಾಗುವುದು ಹೇಗೆಂದು ನಿಮಗೆ, ನನಗೆ ಯಾರೂ ವಿವರಿಸಬೇಕಾಗಿಲ್ಲ. ಆದರೆ ನ್ಯಾಯವಾಗಿ ಹೇಳುತ್ತೇನೆ, ನಮ್ಮ ಸಂಕಟವನ್ನು ಅವರದರ ಪಕ್ಕದಲ್ಲಿ ಇಡಬಾರದು. ನಮ್ಮ ಗಡಿಯಲ್ಲಿ ಬಸ್ಸು ನಿಲ್ಲುತ್ತಿರಲಿಲ್ಲ, ಅವರ ಗಡಿಯಲ್ಲಿ ಬಂದೂಕು ನಿಂತಿತ್ತು.

ಚಿಕ್ಕಪ್ಪನಿಗೆ ಉಳಿದದ್ದು ರೇಡಿಯೊ. ಕೊಲ್ಕತ್ತ ಆಕಾಶವಾಣಿಯಲ್ಲಿ ಅಜಯ್ ಬಸು, ಕಮಲ್ ಭಟ್ಟಾಚಾರ್ಯ, ಪುಷ್ಪೇನ್ ಸರ್ಕಾರ್ ಬಂಗಾಳಿಯಲ್ಲಿ ಪಂದ್ಯದ ವೀಕ್ಷಕ ವಿವರಣೆ ಕೊಡುತ್ತಿದ್ದರು. ರೇಡಿಯೊ ಅಲೆಗೆ ವೀಸಾ ಬೇಡವಷ್ಟೆ. ಮಳೆಗಾಲದ ಸಂಜೆ ಬಾಗಿಲು ಹಾಕಿ, ಸದ್ದು ತಗ್ಗಿಸಿ, ಪೆಟ್ಟಿಗೆಗೆ ಕಿವಿ ಹಚ್ಚಿ ಕೇಳುತ್ತಿದ್ದರು. 1965ರ ಯುದ್ಧದ ಕಾಲದಲ್ಲಿ ಕಾಗದವೂ ಬರದಾಯಿತು. ಆಗ ಗೋಲಾದಾಗಲೆಲ್ಲ ದಾದಾನ ತಾಯಿ, “ಅಲ್ಲಿ ಅವನಿಗೂ ಕೇಳಿಸಿರಬೇಕು” ಎನ್ನುತ್ತಿದ್ದರಂತೆ. ಮೈದುನ ಬದುಕಿದ್ದಾನೆಂದು ನಂಬಲು ಆಕೆಗೆ ಬೇರೆ ಆಧಾರ ಇರಲಿಲ್ಲ.

1971 ಬಂತು. ಆ ಜುಲೈ 25ರಂದು, ನದಿಯಾ ಜಿಲ್ಲೆಯ ಕೃಷ್ಣನಗರದಲ್ಲಿ, ಓಡಿಬಂದ ಆಟಗಾರರ ಸ್ವಾಧೀನ್ ಬಾಂಗ್ಲಾ ತಂಡ ಜಾಕಾರಿಯಾ ಪಿಂಟೂ ನಾಯಕತ್ವದಲ್ಲಿ ಮೈದಾನಕ್ಕಿಳಿದು, ಯಾವ ಸರಕಾರವೂ ಇನ್ನೂ ಒಪ್ಪದಿದ್ದ ಬಾಂಗ್ಲಾದೇಶದ ಬಾವುಟ ಹಾರಿಸಿತು. ಅದಕ್ಕೆ ಅವಕಾಶ ಕೊಟ್ಟ ಜಿಲ್ಲಾಧಿಕಾರಿ ಅಮಾನತಾದರು. ಬಾವುಟ ಹಾರಿಸಿದವರಿಗೆ ಐದೇ ತಿಂಗಳಲ್ಲಿ ನಾಡು ಸಿಕ್ಕಿತು.

1973ರ ಮಳೆಗಾಲದಲ್ಲಿ ಚಿಕ್ಕಪ್ಪ ಕೊಲ್ಕತ್ತಕ್ಕೆ ಬಂದರು. ಇಪ್ಪತ್ತಮೂರು ವರ್ಷಗಳ ಮೇಲೆ ಅತ್ತಿಗೆಯನ್ನು ಕಂಡು ಇಬ್ಬರೂ ಅತ್ತರು. ಮರುದಿನವೇ ದಾದಾ ಅವರನ್ನು ಕ್ಲಬ್ಬಿನ ಮೈದಾನಕ್ಕೆ ಕರೆದುಕೊಂಡು ಹೋದರು. 1970ರಿಂದ 1975ರವರೆಗೆ ಆರು ವರ್ಷ ಬಿಡದೆ ಲೀಗ್ ಗೆದ್ದ ಕಾಲ ಅದು. ಎದುರಿಗೆ ಯಾವುದೋ ಸಣ್ಣ ತಂಡ, ಸುಲಭದ ಗೆಲುವು. ಮುದುಕರು ಮರದ ಗ್ಯಾಲರಿಯಲ್ಲಿ ಕೊಡೆ ಹಿಡಿದು, ಮಾತಿಲ್ಲದೆ ಕೊನೆಯವರೆಗೆ ಕೂತರು. ಟ್ರಾಮಿನಲ್ಲಿ ವಾಪಸು ಬರುವಾಗ ದಾದಾ ತಡೆಯಲಾರದೆ, “ಹೇಗಿತ್ತು ಕಾಕಾ?” ಎಂದು ಕೇಳಿದರು.

“ಚೆನ್ನಾಗಿಯೇ ಇತ್ತು” ಎಂದರಂತೆ ಅವರು. “ಆದರೆ ರೇಡಿಯೊದಲ್ಲಿ ಇದಕ್ಕಿಂತ ಚೆನ್ನಾಗಿ ಆಡುತ್ತಿದ್ದರು.”