ಪಾಪ ಒಪ್ಪಿಕೊಳ್ಳುವ ಭಾಷೆ

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಹೊಸೂರು ತಾಲ್ಲೂಕಿಗೆ ಇಬ್ಬರು ಯಜಮಾನರಿದ್ದರು. ಕಂದಾಯ ಹೋಗುತ್ತಿದ್ದುದು ಮದ್ರಾಸ್ ಪ್ರೆಸಿಡೆನ್ಸಿಯ ಸೇಲಂ ಜಿಲ್ಲೆಗೆ. ಕಥೋಲಿಕರ ಜ್ಞಾನಸ್ನಾನದ ಲೆಕ್ಕ ಮಾತ್ರ ಹೋಗುತ್ತಿದ್ದುದು ಮೈಸೂರು ಧರ್ಮಪ್ರಾಂತ್ಯಕ್ಕೆ, ಎಂದರೆ ಬೆಂಗಳೂರಿನಲ್ಲಿ ವಾಸವಿದ್ದ ಮೈಸೂರಿನ ಬಿಷಪ್ಪರ ಬಳಿಗೆ. ಆಗಿನ ಮೈಸೂರು ಧರ್ಮಪ್ರಾಂತ್ಯದಲ್ಲಿ ಮೈಸೂರು ಸಂಸ್ಥಾನ ಮತ್ತು ಕೊಡಗಿನ ಜೊತೆಗೆ ಬ್ರಿಟಿಷರ ನೆಲದ ಕೆಲವು ತುಂಡುಗಳೂ ಸೇರಿದ್ದವು: ವಯನಾಡಿನ ಒಂದು ಭಾಗ, ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ, ಸೇಲಂ ಜಿಲ್ಲೆಯ ಹೊಸೂರು. ಕಲೆಕ್ಟರರ ಗಡಿ ಒಂದು ಕಡೆ ಹಾದರೆ, ಚರ್ಚಿನ ಗಡಿ ಇನ್ನೊಂದು ಕಡೆ ಹಾಯುತ್ತಿತ್ತು.

ಈ ಗಡಿ ಕಾಗದದ ಮೇಲಿನ ಗೆರೆ ಮಾತ್ರ ಆಗಿರಲಿಲ್ಲ. ಕಥೋಲಿಕ ಧರ್ಮದಲ್ಲಿ ದೇವರ ಹತ್ತಿರ ಹೋಗುವ ದಾರಿ ಗುರುವಿನ ಕಿವಿಯನ್ನು ಹಾದು ಹೋಗುತ್ತದೆ. 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆ ಪ್ರತಿಯೊಬ್ಬ ವಿಶ್ವಾಸಿಯೂ ವರ್ಷಕ್ಕೆ ಒಮ್ಮೆಯಾದರೂ ಪಾಪ ಒಪ್ಪಿಕೊಳ್ಳಬೇಕೆಂದು ಕಟ್ಟುಮಾಡಿತು. 1551ರಲ್ಲಿ ಟ್ರೆಂಟ್ ಮಹಾಸಭೆ ಅದನ್ನು ಇನ್ನೂ ಬಿಗಿಮಾಡಿತು: ದೊಡ್ಡ ಪಾಪಗಳನ್ನು ಒಟ್ಟಾರೆಯಾಗಿ ಹೇಳಿದರೆ ಸಾಲದು, ಒಂದೊಂದನ್ನೂ ನೆನೆದು, ಬಿಡಿಬಿಡಿಯಾಗಿ ಹೇಳಬೇಕು. ಮೊದಲು ಒಳಗೆ ಶೋಧನೆ, ಆಮೇಲೆ ಬಾಯಲ್ಲಿ ನಿವೇದನೆ. ಹಾಗೆ ಹೇಳಲು ಭಾಷೆ ಬೇಕು, ಕೇಳುವ ಗುರುವಿಗೂ ಅದೇ ಭಾಷೆ ತಿಳಿದಿರಬೇಕು. ಹೊಸೂರಿನಂಥ, ಕನ್ನಡ, ತೆಲುಗು, ತಮಿಳು, ಉರ್ದು ಒಂದೇ ಸಂತೆಯಲ್ಲಿ ಮಾತಾಡುವ ಸೀಮೆಯಲ್ಲಿ ಇದು ಸಣ್ಣ ವಿಷಯವಲ್ಲ.

ಕನ್ನಡದಲ್ಲಿ ಈ ಕೆಲಸಕ್ಕೆ ಮೊದಲು ಕೈಹಾಕಿದವರಲ್ಲಿ ಮುಖ್ಯ ಹೆಸರು ಇಟಲಿಯ ಲಿಯೊನಾರ್ಡೊ ಚಿನ್ನಾಮಿ ಅವರದು. ಯೇಸುಸಭೆಯ ಈ ಪಾದ್ರಿ 1649ರಲ್ಲಿ ಶ್ರೀರಂಗಪಟ್ಟಣಕ್ಕೆ ಬಂದಾಗ ಅಲ್ಲಿ ಆಳುತ್ತಿದ್ದವರು ಕಂಠೀರವ ನರಸರಾಜ ಒಡೆಯರು. ಮಧುರೆಯಲ್ಲಿ ರಾಬರ್ಟ್ ಡಿ ನೊಬಿಲಿ ಹಾಕಿಕೊಟ್ಟ ಹಾದಿಯಲ್ಲೇ ನಡೆದ ಚಿನ್ನಾಮಿ ಸಂನ್ಯಾಸಿಯ ವೇಷ ತೊಟ್ಟರು, ಮಾಂಸ ಬಿಟ್ಟರು, ಕನ್ನಡ ಕಲಿತರು. ಕಲಿತು ಸುಮ್ಮನಾಗದೆ ಕನ್ನಡಕ್ಕೊಂದು ವ್ಯಾಕರಣ, ಒಂದು ಪದಕೋಶ, ಒಂದು ಜ್ಞಾನೋಪದೇಶ ಮತ್ತು ಸಂತರ ಚರಿತ್ರೆಗಳನ್ನು ಬರೆದರು. 1676ರಲ್ಲಿ ತೀರಿಕೊಂಡರು. ಅವರು ಕಟ್ಟಿದ ಮೈಸೂರು ಮಿಶನ್ನಿನ ಓಡಾಟ ಕಾವೇರಿಯ ದಡಕ್ಕಷ್ಟೇ ಸೀಮಿತವಾಗಿರಲಿಲ್ಲ. ಒಡೆಯರ ಆಳ್ವಿಕೆ ಪೂರ್ವದ ಘಟ್ಟ ಇಳಿದು ಹಬ್ಬಿದ ಹಾಗೆ ಮಿಶನ್ನೂ ಆ ಕಡೆ ಹಬ್ಬಿತು.

ಕನ್ನಡದಲ್ಲಿ ಇಡೀ ಬೈಬಲ್ ಅಚ್ಚಾಗುವುದಕ್ಕೆ ಇನ್ನೂ ನೂರೈವತ್ತು ವರ್ಷಗಳಿಗಿಂತ ಹೆಚ್ಚು ಕಾಲ ಇತ್ತು. ಹಾಗಾಗಿ ಅಂದಿನ ಭಕ್ತರಿಗೆ ಧರ್ಮವೆಂದರೆ ಓದುವುದಲ್ಲ, ಬಾಯಿಪಾಠ. ಸ್ವಾಮಿಗಳು ಒಬ್ಬರು, ಹಳ್ಳಿಗಳು ಹತ್ತಾರು. ಅವರು ಕುದುರೆ ಏರಿ ಊರೂರು ಸುತ್ತಿ ಮರಳುವಷ್ಟರಲ್ಲಿ ತಿಂಗಳುಗಳೇ ಕಳೆದಿರುತ್ತಿದ್ದವು. ಆ ನಡುವೆ ಊರನ್ನು ಕಾಯುತ್ತಿದ್ದವನು ಉಪದೇಶಿ. ಮಕ್ಕಳಿಗೆ ಜಪ ಹೇಳಿಕೊಡುವುದು, ಸಾಯುವವರಿಗೆ ಜ್ಞಾನಸ್ನಾನ ಕೊಡುವುದು, ಭಾನುವಾರ ಜನರನ್ನು ಸೇರಿಸಿ ಪ್ರಾರ್ಥನೆ ನಡೆಸುವುದು ಅವನ ಕೆಲಸ. ಸ್ವಾಮಿಗಳು ಬರುವ ಮುನ್ನ ಹತ್ತು ಕಟ್ಟಳೆಗಳನ್ನು ಒಂದೊಂದಾಗಿ ಹೇಳಿ, ಯಾವುದನ್ನು ಎಲ್ಲಿ ಮೀರಿದೆವೆಂದು ಜನ ಯೋಚಿಸುವ ಹಾಗೆ ಮಾಡುವುದೂ ಅವನ ಪಾಲಿಗೆ ಬರುತ್ತಿತ್ತು. ಈ ಕೆಲಸದ ತೂಕ ಎಷ್ಟಿತ್ತೆಂದರೆ, ತಮಿಳು ನೆಲದಲ್ಲಿ ವೀರಮಾಮುನಿವರ್ ಎಂದು ಹೆಸರಾದ ಬೆಸ್ಕಿ 1727ರಲ್ಲಿ ಉಪದೇಶಿಗಳಿಗಾಗಿಯೇ ‘ವೇದಿಯರ್ ಒೞುಕ್ಕಂ’ ಎಂಬ ಗ್ರಂಥ ಬರೆದರು.

ಯೇಸುಸಭೆಯ ಪಾದ್ರಿಗಳಿಗೆ ಈ ಶೋಧನೆ ದಿನಚರಿಯೇ ಆಗಿತ್ತು. ಅವರ ಸಭೆಯನ್ನು ಸ್ಥಾಪಿಸಿದ ಲೊಯೋಲಾದ ಇಗ್ನೇಷಿಯಸ್ ರೂಪಿಸಿದ ‘ಆಧ್ಯಾತ್ಮಿಕ ಸಾಧನೆ’ಗಳ ಪುಸ್ತಕಕ್ಕೆ ಪೋಪ್ ಒಪ್ಪಿಗೆ ಕೊಟ್ಟದ್ದು 1548ರಲ್ಲಿ. ಅದರಲ್ಲಿ ಬರುವ ಆತ್ಮಶೋಧನೆಗೆ ಐದು ಮೆಟ್ಟಿಲು: ದೇವರಿಗೆ ಕೃತಜ್ಞತೆ ಹೇಳು, ತಪ್ಪು ಕಾಣುವ ಬೆಳಕು ಬೇಡು, ದಿನವನ್ನು ಗಂಟೆಗಂಟೆಯಾಗಿ ಹಿಂದಿರುಗಿ ನೋಡು, ಕ್ಷಮೆ ಕೇಳು, ತಿದ್ದಿಕೊಳ್ಳುವ ಸಂಕಲ್ಪ ಮಾಡು. ಸಂಜೆ ಅಂಗಡಿ ಮುಚ್ಚುವ ಮೊದಲು ಶೆಟ್ಟರು ಕಡತ ಬಿಡಿಸಿ ಕೂತ ಹಾಗೆ.

ಈ ಪಾದ್ರಿಗಳು ಆರಿಸಿಕೊಂಡ ಪದಗಳಲ್ಲೇ ಒಂದು ಚರಿತ್ರೆಯಿದೆ. ದೇವರಿಗೆ ‘ಸರ್ವೇಶ್ವರ’ ಎಂಬ ಹೆಸರನ್ನು ಯೇಸುಸಭೆಯವರು ತಮಿಳಿನಲ್ಲೂ ಕನ್ನಡದಲ್ಲೂ ರೂಢಿಗೆ ತಂದರು. ಪಾಪವನ್ನು ಗುರುವಿಗೆ ಹೇಳಿಕೊಳ್ಳುವುದು ಎರಡೂ ಭಾಷೆಗಳಲ್ಲಿ ‘ಪಾಪಸಂಕೀರ್ತನೆ’ ಆಯಿತು. ಕನ್ನಡದ ಕಿವಿಗೆ ಸಂಕೀರ್ತನೆ ಎಂದರೆ ತಂಬೂರಿ, ತಾಳ, ದಾಸರ ಪದ. ಇಲ್ಲಿ ಅದು ಮಂಡಿಯೂರಿ, ತಗ್ಗಿದ ದನಿಯಲ್ಲಿ, ಒಬ್ಬರಿಗೆ ಮಾತ್ರ ಕೇಳುವ ಹಾಗೆ ಹೇಳುವ ಮಾತು. ಈಗ ಕನ್ನಡ ಚರ್ಚುಗಳಲ್ಲಿ ‘ಪಾಪನಿವೇದನೆ’ ಎನ್ನುವುದೇ ಹೆಚ್ಚು. ಆದರೆ ಸರ್ವೇಶ್ವರ ಉಳಿದುಕೊಂಡಿದ್ದಾನೆ. ಪ್ರೊಟೆಸ್ಟೆಂಟರ ಕನ್ನಡ ಸತ್ಯವೇದದಲ್ಲಿ ‘ಯೆಹೋವ’ ಎಂದಿರುವ ಕಡೆ ಕಥೋಲಿಕರ ಕನ್ನಡ ಬೈಬಲಿನಲ್ಲಿ ‘ಸರ್ವೇಶ್ವರ’ ಎಂದಿದೆ.

1773ರಲ್ಲಿ ಪೋಪ್ ಯೇಸುಸಭೆಯನ್ನೇ ವಿಸರ್ಜಿಸಿದರು. ದಕ್ಷಿಣದ ಅವರ ಮಿಶನ್ನುಗಳು ಪ್ಯಾರಿಸ್ಸಿನ ವಿದೇಶಿ ಮಿಶನ್ ಸಂಸ್ಥೆಗೆ ಬಂದವು. ಅಷ್ಟರಲ್ಲಿ ಈ ಸೀಮೆಯ ಒಡೆತನವೂ ಕೈ ಬದಲಾಯಿಸಿತು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಬಿಟ್ಟುಕೊಟ್ಟ ಪ್ರದೇಶಗಳಲ್ಲಿ ಕೃಷ್ಣಗಿರಿಯನ್ನೊಳಗೊಂಡ ಬಾರಾಮಹಲ್ ಒಂದು. ಘಟ್ಟದ ಮೇಲಿನ ಹೊಸೂರು ಮಾತ್ರ 1799ರವರೆಗೆ ಮೈಸೂರಿನಲ್ಲೇ ಇದ್ದು, ಟಿಪ್ಪುವಿನ ಪತನದ ಮೇಲೆ ಕಂಪನಿಯ ವಶವಾಯಿತು. ಈ ಏಳು ವರ್ಷಗಳ ಅಂತರದಲ್ಲಿ ಒಂದು ಭೂಗೋಳವಿದೆ. ಬೆಂಗಳೂರಿನ ಪ್ರಸ್ಥಭೂಮಿಯ ಅಂಚು ಹೊಸೂರು. ಘಟ್ಟ ಇಳಿದರೆ ಕೃಷ್ಣಗಿರಿ. ಮುಂದೆ ಚರ್ಚಿನ ನಕ್ಷೆಯಲ್ಲಿ ಹೊಸೂರು ಮೈಸೂರಿನ ಕಡೆಗೇ ಕಾಣಿಸಿಕೊಳ್ಳುವುದು ಆಶ್ಚರ್ಯವೇನಲ್ಲ.

ಅದೇ 1799ರಲ್ಲಿ, ಚದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಒಟ್ಟುಗೂಡಿಸಲು ಮೈಸೂರು ಸೀಮೆಗೆ ಬಂದವರು ಫ್ರೆಂಚ್ ಪಾದ್ರಿ ಅಬೆ ದ್ಯುಬ್ವಾ. ಜನ ಅವರನ್ನು ‘ದೊಡ್ಡ ಸ್ವಾಮಿ’ ಎಂದರು. ಸಿಡುಬಿನ ವಿರುದ್ಧ ಲಸಿಕೆ ಹಾಕಿಸಿದರು, ಹಿಂದೂ ಆಚಾರಗಳ ಬಗ್ಗೆ ಅವರ ಹೆಸರಲ್ಲಿ ಬಂದ ಗ್ರಂಥ ಯುರೋಪಿನಲ್ಲಿ ಪ್ರಸಿದ್ಧವಾಯಿತು. 1823ರಲ್ಲಿ ಭಾರತ ಬಿಟ್ಟರು. ಆ ವರ್ಷವೇ ಲಂಡನ್ನಿನಲ್ಲಿ ಅಚ್ಚಾದ ಅವರ ಪತ್ರಗಳು ಒಂದು ಬಾಂಬನ್ನೇ ಸಿಡಿಸಿದವು. ಬೈಬಲನ್ನು ದೇಶಭಾಷೆಗಳಿಗೆ ತರ್ಜುಮೆ ಮಾಡಿ ಹಂಚಿದ ಮಾತ್ರಕ್ಕೆ ಈ ದೇಶದಲ್ಲಿ ಏನೂ ಆಗದು, ಕೆಟ್ಟ ತರ್ಜುಮೆ ಧರ್ಮಕ್ಕೇ ಕುಂದು ಎಂಬುದು ಅವರ ವಾದ. ಜೇಮ್ಸ್ ಹಾಫ್, ಹೆನ್ರಿ ಟೌನ್ಲಿ ಮೊದಲಾದ ಪ್ರೊಟೆಸ್ಟೆಂಟರು ಪುಸ್ತಕವನ್ನೇ ಬರೆದು ಉತ್ತರ ಕೊಟ್ಟರು.

ಕನ್ನಡದಲ್ಲಿ ಉತ್ತರ ಬಂದದ್ದು ಬಳ್ಳಾರಿಯಿಂದ. 1810ರಲ್ಲಿ ಅಲ್ಲಿಗೆ ಬಂದಿದ್ದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ವಾದಕ್ಕಿಳಿಯದೆ ತರ್ಜುಮೆಯಲ್ಲಿ ಮುಳುಗಿದ್ದರು. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡಕ್ಕೆ ಬಂತು. ಮುಂದೆ ಅದನ್ನು ತಿದ್ದಿದವರು, ಮತ್ತೆ ತಿದ್ದಿದವರು ಹಲವರು. ಸ್ವಾಮಿಗಳ ಕುದುರೆಗಾಗಿ ಕಾಯದೆ, ಅಕ್ಷರ ಬಲ್ಲವರು ಜಗಲಿಯ ಮೇಲೆ ಕೂತು ತಮ್ಮನ್ನು ತಾವೇ ಆ ಪುಸ್ತಕದ ಎದುರು ನಿಲ್ಲಿಸಿಕೊಳ್ಳುವ ಕಾಲ ಶುರುವಾಯಿತು.

ಪುಸ್ತಕದ ಮೇಲಿನ ಈ ನಂಬಿಕೆ ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ಕೃಷ್ಣಗಿರಿಯೇ ಸಾಕ್ಷಿ. ಜರ್ಮನಿಯ ಲೈಪ್‌ಜಿಗ್ ಮಿಶನ್ನಿಗೆ ಸೇರಿ ತಮಿಳು ನೆಲದಲ್ಲಿ ದುಡಿಯುತ್ತಿದ್ದ ಥಿಯೊಡೊರ್ ನೇಥರ್ ಮತ್ತು ಫ್ರಾಂಟ್ಸ್ ಮೋನ್ ಎಂಬಿಬ್ಬರು ಪಾದ್ರಿಗಳು 1890ರ ದಶಕದಲ್ಲಿ ತಮ್ಮ ಮಿಶನ್ನಿನೊಂದಿಗೇ ಮುರಿದುಕೊಂಡರು. ಜಗಳ ಸಂಬಳದ್ದಲ್ಲ, ಜಾಗದ್ದಲ್ಲ. ಸತ್ಯವೇದದ ಪ್ರತಿಯೊಂದು ಪದವೂ ದೇವಪ್ರೇರಿತವೇ, ಅದರಲ್ಲಿ ತಪ್ಪಿಗೆ ಎಡೆಯಿಲ್ಲವೇ ಎಂಬುದು ಪ್ರಶ್ನೆ. ಹೌದೆಂದ ಇವರಿಬ್ಬರನ್ನು ಅಮೆರಿಕದ ಮಿಸೌರಿ ಲೂಥರನ್ ಸಭೆ ಕೈಹಿಡಿಯಿತು. ಆ ಸಭೆ ಅದಕ್ಕೂ ಮುನ್ನ ತನ್ನ ಮೊದಲ ವಿದೇಶಿ ಮಿಶನ್ನನ್ನು ಜಪಾನಿನಲ್ಲಿ ತೆರೆಯಲು ಯೋಚಿಸಿತ್ತು. ಇವರಿಬ್ಬರಿಂದಾಗಿ ಯೋಜನೆ ದಿಕ್ಕು ಬದಲಿಸಿ, 1895ರಲ್ಲಿ ಕೃಷ್ಣಗಿರಿಯಲ್ಲಿ ನೆಲೆಯೂರಿತು. ಮರುವರ್ಷ ಮೋನ್ ಆಂಬೂರಿಗೆ ಹೋದರು. ಈ ಕೆಲಸವೇ ಬೆಳೆದು 1958ರಲ್ಲಿ ಇಂಡಿಯಾ ಇವ್ಯಾಂಜೆಲಿಕಲ್ ಲೂಥರನ್ ಚರ್ಚ್ ಆಯಿತು.

ಇವರು ತಂದದ್ದು ಸತ್ಯವೇದವೊಂದನ್ನೇ ಅಲ್ಲ, ಅದರ ಜೊತೆಗೆ ಮಾರ್ಟಿನ್ ಲೂಥರನ ‘ಚಿಕ್ಕ ಜ್ಞಾನೋಪದೇಶ’ವನ್ನೂ. ಸ್ಯಾಕ್ಸನಿಯ ಹಳ್ಳಿಗಳನ್ನು ಸುತ್ತಿ, ಅಲ್ಲಿನ ಜನರಿಗೆ ಧರ್ಮದ ಮೂಲಪಾಠವೂ ತಿಳಿಯದ್ದನ್ನು ಕಂಡು ಲೂಥರ್ ಅದನ್ನು 1529ರಲ್ಲಿ ಬರೆದ. ಹತ್ತು ಕಟ್ಟಳೆ, ವಿಶ್ವಾಸಪ್ರಮಾಣ, ಕರ್ತನ ಪ್ರಾರ್ಥನೆ, ಒಂದೊಂದರ ಕೆಳಗೂ ಪುಟ್ಟ ಪ್ರಶ್ನೆ, ಪುಟ್ಟ ಉತ್ತರ. ಕಲಿಸಬೇಕಾದವನು ಮನೆಯ ಯಜಮಾನ. ಪಾಪದ ಶೋಧನೆಗೆ ಲೂಥರ್ ಕೊಟ್ಟ ಅಳತೆಗೋಲು ಬಹಳ ನೆಲದ್ದು: ನೀನು ತಂದೆಯೋ ಮಗನೋ, ಒಡೆಯನೋ ಆಳೋ, ಆ ಸ್ಥಾನದಲ್ಲಿ ನಿಂತು ಕಟ್ಟಳೆಗಳನ್ನು ಓದಿಕೊ, ಸೋಮಾರಿಯಾದೆಯಾ, ಮಾತಿನಿಂದ ಯಾರನ್ನಾದರೂ ನೋಯಿಸಿದೆಯಾ ನೋಡಿಕೊ. ಕರ್ತನ ಭೋಜನಕ್ಕೆ ಕೂಡುವ ಮುನ್ನ ಪ್ರತಿಯೊಬ್ಬನೂ ತನ್ನನ್ನು ಪರೀಕ್ಷಿಸಿಕೊಳ್ಳಲಿ ಎಂದು ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಹೇಳಿದ್ದನ್ನು ಲೂಥರನ್ನರು ಹೀಗೆ ಮನೆಯ ಹಜಾರಕ್ಕೆ ತಂದರು.

ಉಪದೇಶಿಯ ಬಾಯಿಪಾಠಕ್ಕೂ ಈ ಪುಸ್ತಕಕ್ಕೂ ಅಂಥ ದೂರವೇನಿಲ್ಲ. ಎರಡೂ ಪ್ರಶ್ನೋತ್ತರ, ಎರಡೂ ಹತ್ತು ಕಟ್ಟಳೆಗಳ ಏಣಿ. ಒಂದು ಗುರುವಿನ ಕಿವಿಯಲ್ಲಿ ಮುಗಿದರೆ, ಇನ್ನೊಂದು ಓದುಗನ ಒಳಗೇ ಬಹುಪಾಲು ಮುಗಿಯುತ್ತದೆ. ಆದರೆ ಘಟ್ಟದ ಕೆಳಗೆ ಈ ಪ್ರಶ್ನೆಗಳು ತಮಿಳಿನಲ್ಲಿ ಕೇಳಿಬಂದವು.

ನೇಥರ್ ಕೃಷ್ಣಗಿರಿ ಬಿಟ್ಟು ಹೋಗಲಿಲ್ಲ. 1896ರಲ್ಲಿ ಮುಂಬಯಿಯಲ್ಲಿ, 1898ರಲ್ಲಿ ಬೆಂಗಳೂರಿನಲ್ಲಿ ಕಾಣಿಸಿಕೊಂಡ ಪ್ಲೇಗು ಈ ಊರನ್ನೂ ಹೊಕ್ಕಿತು. 1904ರ ಫೆಬ್ರವರಿಯಲ್ಲಿ ಅದೇ ಬೇನೆಗೆ ಅವರು ಬಲಿಯಾದರು.

ಆಮೇಲಿನ ಕಥೆ ಗಡಿಗಳದು. 1930ರಲ್ಲಿ ಸೇಲಂ ಧರ್ಮಪ್ರಾಂತ್ಯ ಹುಟ್ಟಿತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ, ಒಂದು ಕಾಲಕ್ಕೆ ಹೊಸೂರಿನ ಜೊತೆ ಒಂದೇ ಬಿಷಪ್ಪರ ಕೆಳಗಿದ್ದ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂತು; ಹೊಸೂರು ಮದ್ರಾಸಿನಲ್ಲೇ ಉಳಿಯಿತು. 1963ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಪೂಜೆಯನ್ನು ಜನರ ಭಾಷೆಗೆ ತರುವ ಬಾಗಿಲು ತೆರೆದಾಗ, ಲ್ಯಾಟಿನ್ ಹೋದ ಜಾಗಕ್ಕೆ ಕೊಳ್ಳೇಗಾಲದಲ್ಲಿ ಕನ್ನಡ ಬಂದರೆ, ಹೊಸೂರಿನಲ್ಲಿ ತಮಿಳು ಬಂತು. ಕೈಗಾರಿಕೆಗಳು ಬಂದ ಮೇಲೆ ದೂರದ ತಮಿಳು ಜಿಲ್ಲೆಗಳಿಂದ ಬಂದ ಕ್ರೈಸ್ತರಿಂದ ಹೊಸೂರಿನ ಚರ್ಚುಗಳು ತುಂಬಿದವು. 1997ರಲ್ಲಿ ಸೇಲಮ್ಮಿನಿಂದ ಧರ್ಮಪುರಿ ಧರ್ಮಪ್ರಾಂತ್ಯ ಬೇರೆಯಾಯಿತು. ಹೊಸೂರನ್ನೊಳಗೊಂಡ ಇಂದಿನ ಕೃಷ್ಣಗಿರಿ ಜಿಲ್ಲೆ ಅದರಲ್ಲಿದೆ. ಡೆಂಕಣಿಕೋಟೆ, ತಳಿ ಕಡೆಯ ಹಳ್ಳಿಗಳಲ್ಲಿ ಮನೆಮಾತು ಕನ್ನಡವಾಗಿರುವವರು ಈಗಲೂ ಇದ್ದಾರೆ. ಶಾಲೆಯದು, ಕಚೇರಿಯದು ಬಹುಮಟ್ಟಿಗೆ ತಮಿಳು.

ಚರ್ಚಿನ ಕಾನೂನು ಇಂಥವರನ್ನು ಮರೆತಿಲ್ಲ. 1983ರ ಧರ್ಮಸಂಹಿತೆಯ 991ನೆಯ ಕಟ್ಟಳೆಯ ಪ್ರಕಾರ ಯಾರೇ ಆಗಲಿ, ಅದಕ್ಕೆ ಅಧಿಕಾರ ಪಡೆದ ಗುರುಗಳಲ್ಲಿ ತಮಗೆ ಬೇಕಾದವರ ಬಳಿ ಪಾಪನಿವೇದನೆ ಮಾಡಬಹುದು. ಹೊಸೂರಿನವರು ಬಸ್ ಹತ್ತಿ ಗಡಿ ದಾಟಿ ಅತ್ತಿಬೆಲೆಯ ಕಡೆಗೋ ಬೆಂಗಳೂರಿಗೋ ಹೋಗಿ ಕನ್ನಡದಲ್ಲಿ ಹೇಳಿಕೊಂಡರೂ ಅಡ್ಡಿಯಿಲ್ಲ. ಅಷ್ಟು ದೂರ ಹೋಗಲಾಗದವರಿಗೆ 990ನೆಯ ಕಟ್ಟಳೆ ಇನ್ನೊಂದು ದಾರಿ ಬಿಟ್ಟಿದೆ: ಗುರುವಿಗೆ ಭಾಷೆ ಬರದಿದ್ದರೆ ದುಭಾಷಿಯನ್ನು ನಡುವೆ ಇಟ್ಟುಕೊಳ್ಳಬಹುದು. ಹಾಗೆ ನಡುವೆ ಕೂತವರು ಕೇಳಿಸಿಕೊಂಡ ಪಾಪವನ್ನು ಗುರುವಿನಂತೆಯೇ ಯಾರಿಗೂ ಬಾಯಿಬಿಡುವಂತಿಲ್ಲ. ಕೇಳಿಸಿಕೊಂಡದ್ದು ಕನ್ನಡದಲ್ಲಿ, ದಾಟಿಸಿದ್ದು ತಮಿಳಿನಲ್ಲಿ. ಎರಡರಲ್ಲೂ ಅದು ಅಲ್ಲಿಗೇ ಮುಗಿಯಬೇಕು.