ಲಿಂಗೈಕ್ಯ ಸುರೇಶ ಚನ್ನಬಸಪ್ಪ ಅಂಗಡಿಯವರು

ವ್ಯಾಪಾರವು ಲೆಕ್ಕದ ಕಾಯಕವು. ಇಂದಿನ ಜಮೆಯೆಷ್ಟು, ಖರ್ಚೆಷ್ಟು, ಬರತಕ್ಕ ಬಾಕಿಯೆಷ್ಟು, ಕೊಡತಕ್ಕ ಬಾಕಿಯೆಷ್ಟು ಎಂಬದನ್ನು ಕಿರ್ದಿಯಲ್ಲಿ ಬರೆದಿಡದ ಅಂಗಡಿಯು ಬಹುಕಾಲ ಬಾಳಲಾರದು. ರಾಜಕಾರಣದಲ್ಲಾದರೋ ಇಂಥ ಕಿರ್ದಿಯನ್ನಿಡುವವರು ವಿರಳರು. ಅಲ್ಲಿ ಆಶ್ವಾಸನೆಗಳೆಲ್ಲ ಜಮೆಯಾಗಿ ಕಾರ್ಯಗಳೆಲ್ಲ ಬಾಕಿಯಾಗಿ ಉಳಿಯುವದೇ ಹೆಚ್ಚು. ಆದುದರಿಂದ ವ್ಯಾಪಾರದಿಂದ ರಾಜಕಾರಣಕ್ಕೆ ಬಂದ ಪುರುಷನ ಚರಿತ್ರೆಯನ್ನು ಬರೆಯುವಾಗ ಅವನ ಮೊದಲಿನ ವೃತ್ತಿಯ ಅಳತೆಯಿಂದಲೇ ಅವನನ್ನು ಅಳೆಯುವದು ನ್ಯಾಯವಾದುದು. ಬೆಳಗಾವಿಯಿಂದ ನಾಲ್ಕು ಸಲ ಲೋಕಸಭೆಗೆ ಆರಿಸಿಹೋಗಿ, ಭಾರತ ಸರಕಾರದ ರೈಲ್ವೆ ಖಾತೆಯ ರಾಜ್ಯಮಂತ್ರಿಗಳಾಗಿ, ಅಧಿಕಾರದಲ್ಲಿರುವಾಗಲೇ ಲಿಂಗೈಕ್ಯರಾದ ಸುರೇಶ ಚನ್ನಬಸಪ್ಪ ಅಂಗಡಿಯವರ ಜೀವಿತವು ಇಂಥ ಅಳತೆಗೆ ಒಳ್ಳೆಯ ನಿದರ್ಶನವು.

ಜನನ ಮತ್ತು ವಿದ್ಯಾಭ್ಯಾಸ

ಸುರೇಶ ಅಂಗಡಿಯವರು 1955ನೆಯ ಇಸವಿ ಜೂನ್ 1ರಂದು ಬೆಳಗಾವಿ ತಾಲೂಕಿನ ಕೆ.ಕೆ. ಕೊಪ್ಪ ಗ್ರಾಮದಲ್ಲಿ ಜನಿಸಿದರು. ತಂದೆ ಚನ್ನಬಸಪ್ಪನವರು, ತಾಯಿ ಸೋಮವ್ವನವರು. ಅಂಗಡಿ ಎಂಬ ಅಡ್ಡಹೆಸರು ಉತ್ತರ ಕರ್ನಾಟಕದ ಲಿಂಗವಂತ ಮನೆತನಗಳಲ್ಲಿ ಹೊಸದಲ್ಲ. ಜೋಳ, ಬೆಲ್ಲ, ಅರಳೆ, ಅರಿವೆಗಳನ್ನು ಊರಿಂದೂರಿಗೆ ಮುಟ್ಟಿಸಿ, ಗಳಿಸಿದುದರಲ್ಲಿ ಒಂದು ಪಾಲನ್ನು ಮಠಕ್ಕೂ ಒಂದು ಪಾಲನ್ನು ಶಾಲೆಗೂ ತೆಗೆದಿಡುವ ಪದ್ಧತಿಯು ಈ ನಾಡಿನ ವ್ಯಾಪಾರಿ ಸಮಾಜದಲ್ಲಿ ತಲೆತಲಾಂತರದಿಂದ ನಡೆದುಬಂದಿರುವದು.

ಈ ದಾನಪದ್ಧತಿಯ ಫಲವನ್ನು ಅವರು ವಿದ್ಯಾರ್ಥಿದೆಸೆಯಲ್ಲಿ ಕಣ್ಣಾರೆ ಕಂಡರು. ಬೆಳಗಾವಿಯಲ್ಲಿ ವಾಣಿಜ್ಯದ ಪದವಿಯನ್ನು ಪಡೆದ ತರುವಾಯ ಅವರು ರಾಜಾ ಲಖಮಗೌಡ ಕಾಯದೆ ಕಾಲೇಜಿನಲ್ಲಿ ಕಾಯದೆಯನ್ನು ಓದಿದರು. ಕರ್ನಾಟಕ ಲಾ ಸೊಸಾಯಿಟಿಯಿಂದ 1939ರಲ್ಲಿ ಆರಂಭವಾದ ಆ ಕಾಲೇಜು ಒಂಟಮುರಿಯ ದೇಸಗತಿಯ ರಾಜಾ ಲಖಮಗೌಡ ಸರದೇಸಾಯಿಯವರ ಹೆಸರನ್ನು ಹೊತ್ತಿರುವದು. ಅದೇ ನಗರದಲ್ಲಿ 1916ರ ನವೆಂಬರ್ 13ರಂದು ಏಳು ಜನ ತ್ಯಾಗಜೀವಿಗಳು ಸ್ಥಾಪಿಸಿದ ಕರ್ನಾಟಕ ಲಿಂಗಾಯತ ವಿದ್ಯಾಸಂಸ್ಥೆಯು ದೇಸಾಯರ, ವ್ಯಾಪಾರಿಗಳ, ಬಡ ಒಕ್ಕಲಿಗರ ಕಾಣಿಕೆಗಳಿಂದಲೇ ಹೆಮ್ಮರವಾಗಿ ಬೆಳೆಯಿತು. ಹಳ್ಳಿಯಿಂದ ಓದಲು ಬಂದ ಯುವಕನಿಗೆ ಬೆಳಗಾವಿಯ ಬೀದಿಬೀದಿಯೂ ದಾಸೋಹದ ಪಾಠವನ್ನು ಕಲಿಸುವಂತಿತ್ತು. ಪಾಠವು ವ್ಯರ್ಥವಾಗಲಿಲ್ಲ. ವ್ಯಾಪಾರ ಉದ್ದಿಮೆಗಳಲ್ಲಿ ನೆಲೆನಿಂತ ಮೇಲೆ ಅವರು ತಮ್ಮ ಹೆಸರಿನ ಶಿಕ್ಷಣ ಪ್ರತಿಷ್ಠಾನವನ್ನು ಕಟ್ಟಿದರು. 2009ರಲ್ಲಿ ಅದರ ಆಶ್ರಯದಲ್ಲಿ ಬೆಳಗಾವಿಯ ಸಾವಗಾಂವ ರಸ್ತೆಯಲ್ಲಿ ಎಂಜಿನಿಯರಿಂಗ್ ಕಾಲೇಜು ತೆರೆಯಿತು.

ಪೇಟೆಯಿಂದ ಲೋಕಸಭೆಗೆ

ಪೇಟೆಯಲ್ಲಿ ಪಳಗಿದವರಿಗೆ ಪಕ್ಷದ ಕೆಲಸದಲ್ಲಿ ಒಂದು ಅನುಕೂಲತೆಯುಂಟು. ಗಿರಾಕಿಯ ಜಾತಿಮತವನ್ನು ಕೇಳದೆ ಎಲ್ಲರೊಡನೆ ಮಾತಾಡಬಲ್ಲವರಾಗಿರುತ್ತಾರೆ. ಅಂಗಡಿಯವರು ಭಾರತೀಯ ಜನತಾ ಪಕ್ಷವನ್ನು ಸೇರಿ 1996ರಲ್ಲಿ ಅದರ ಬೆಳಗಾವಿ ಜಿಲ್ಲಾ ಉಪಾಧ್ಯಕ್ಷರಾದರು, 2001ರಲ್ಲಿ ಜಿಲ್ಲಾಧ್ಯಕ್ಷರಾದರು. ಬೆಳಗಾವಿಯಾದರೋ ಸುಲಭದ ಕ್ಷೇತ್ರವಲ್ಲ. ಗಡಿಯ ವಿವಾದವು ಅಲ್ಲಿಯ ಪ್ರತಿ ಚುನಾವಣೆಯ ಮೇಲೂ ನೆರಳು ಚೆಲ್ಲುತ್ತಿರುವದು. ಕನ್ನಡ ಮರಾಠಿಗಳೆರಡೂ ಒಂದೇ ಪೇಟೆಯಲ್ಲಿ ಕೊಳ್ಳುಕೊಡೆ ನಡೆಸುವವು. ರೈತ ಮುಖಂಡ ಬಾಬಾಗೌಡ ಪಾಟೀಲರು 1998ರಲ್ಲಿ ಆ ಪಕ್ಷಕ್ಕೆ ಗೆದ್ದುಕೊಟ್ಟಿದ್ದ ಸ್ಥಾನವನ್ನು ಮರುವರ್ಷ ಕಾಂಗ್ರೆಸ್ಸಿನ ಅಮರಸಿಂಹ ಪಾಟೀಲರು ಕಸಿದುಕೊಂಡಿದ್ದರು.

2004ರಲ್ಲಿ ಅಂಗಡಿಯವರು ಅದೇ ಅಮರಸಿಂಹ ಪಾಟೀಲರನ್ನು ಸೋಲಿಸಿ ಲೋಕಸಭೆಯನ್ನು ಪ್ರವೇಶಿಸಿದರು. 2009ರಲ್ಲಿ ಪುನಃ ಅವರನ್ನೇ ಎದುರಿಸಿ ಗೆದ್ದರು. 2014ರಲ್ಲಿ ಲಕ್ಷ್ಮೀ ಹೆಬ್ಬಾಳಕರರನ್ನು ಸೋಲಿಸಿದರು. 2019ರಲ್ಲಿ ಐವತ್ತಕ್ಕೂ ಹೆಚ್ಚು ಉಮೇದುವಾರರು ನಿಂತಿದ್ದ ಸ್ಪರ್ಧೆಯಲ್ಲಿ ಮೂರು ಲಕ್ಷ ತೊಂಬತ್ತು ಸಾವಿರಕ್ಕೂ ಮಿಕ್ಕಿದ ಮತಗಳ ಅಂತರದಿಂದ ಜಯಶಾಲಿಗಳಾದರು. ಅವರಿಗಿಂತ ಮೊದಲು ಎಸ್.ಬಿ. ಸಿದ್ನಾಳರು 1980ರಿಂದ 1991ರ ವರೆಗಿನ ನಾಲ್ಕು ಚುನಾವಣೆಗಳಲ್ಲಿ ಬೆಳಗಾವಿಯ ವಿಶ್ವಾಸವನ್ನು ಇದೇ ರೀತಿ ಗಳಿಸಿದ್ದರು.

ಆದರೆ ಗೆಲುವನ್ನೇ ಕಾರ್ಯವೆಂದು ಎಣಿಸಲಾಗದು. ಮೊದಲಿನ ಹತ್ತು ವರ್ಷ ಅವರು ವಿರೋಧಪಕ್ಷದ ಸಾಲಿನಲ್ಲಿ ಕುಳಿತರು. ಮುಂದಿನ ಐದು ವರ್ಷ ಅವರದೇ ಪಕ್ಷವು ಆಳಿದರೂ ಮಂತ್ರಿಪದವು ಅವರಿಗೆ ಬರಲಿಲ್ಲ. ಮಂತ್ರಿಪದವಿಲ್ಲದ ಸದಸ್ಯನು ಅರ್ಜಿಗಳನ್ನು ಒಯ್ಯಬಲ್ಲನು, ಪ್ರಶ್ನೆಗಳನ್ನು ಕೇಳಬಲ್ಲನು; ಅಪ್ಪಣೆ ಮಾಡಲಾರನು. ಹದಿನೈದು ವರ್ಷಗಳ ಕಿರ್ದಿಯಲ್ಲಿ ಬರತಕ್ಕ ಬಾಕಿಯೇ ಬೆಳೆಯುತ್ತ ಹೋಯಿತೆಂದು ಹೇಳಬೇಕು. ಅದನ್ನು ವಸೂಲು ಮಾಡುವ ಅವಕಾಶವು 2019ರ ಮೇ 30ರಂದು ಒದಗಿತು. ಅಂದು ಅವರು ರಾಜ್ಯಮಂತ್ರಿಗಳಾಗಿ ಪ್ರಮಾಣವಚನ ಸ್ವೀಕರಿಸಿದರು. ಪೀಯೂಷ ಗೋಯಲರ ಕೆಳಗೆ ರೈಲ್ವೆ ಖಾತೆಯು ಅವರ ಪಾಲಿಗೆ ಬಂದಿತು.

ಖಾನಾಪುರದ ದಾರಿ

ಬೆಳಗಾವಿಯವನೊಬ್ಬನಿಗೆ ರೈಲ್ವೆ ಖಾತೆಯೇ ದೊರೆತುದರ ಮಹತ್ವವನ್ನು ತಿಳಿಯಬೇಕಾದರೆ ಈ ಸೀಮೆಯ ಹಳಿಗಳ ಚರಿತ್ರೆಯನ್ನು ಸ್ವಲ್ಪ ನೋಡಬೇಕು. 1882ರಲ್ಲಿ ಸ್ಥಾಪಿತವಾದ ದಕ್ಷಿಣ ಮರಾಠಾ ರೈಲ್ವೆ ಕಂಪನಿಯು ಆ ದಶಕದಲ್ಲಿಯೇ ಇಲ್ಲಿ ಹಳಿಗಳನ್ನು ಹಾಕಿತು. ಆಗಿನ ಮುಖ್ಯ ಗುರಿಯು ಒಳನಾಡಿನ ಸರಕನ್ನು ಗೋವೆಯ ಮುರ್ಮಗೋವಾ ಬಂದರಕ್ಕೆ ಮುಟ್ಟಿಸುವದು. ಅದರಿಂದ ಬೆಳಗಾವಿಯ ಹಳಿಯು ಪೂರ್ವದಲ್ಲಿದ್ದ ಕಿತ್ತೂರು ಧಾರವಾಡಗಳ ನೇರ ಹೆದ್ದಾರಿಯನ್ನು ಬಿಟ್ಟು ದಕ್ಷಿಣಕ್ಕೆ ತಿರುಗಿ, ಮಲಪ್ರಭೆಯ ದಂಡೆಯ ಖಾನಾಪುರವನ್ನು ಹಾಯ್ದು, ಅದೇ ತಾಲೂಕಿನ ದಟ್ಟಡವಿಯಲ್ಲಿಯ ಲೋಂಡಾ ಜಂಕ್ಷನ್ನನ್ನು ಸೇರಿತು. ಅಲ್ಲಿಂದ ಒಂದು ಕವಲು ಕ್ಯಾಸಲ್‌ರಾಕಿನ ಘಟ್ಟವಿಳಿದು ಗೋವೆಗೆ, ಇನ್ನೊಂದು ಕವಲು ಅಳ್ನಾವರದ ಮೇಲೆ ಧಾರವಾಡಕ್ಕೆ ಹೋಗುವದು.

ಈ ಸುತ್ತುದಾರಿಯಿಂದ ಖಾನಾಪುರಕ್ಕೆ ಲಾಭವಾಯಿತು. ಕಾಡಿನ ಕಟ್ಟಿಗೆಯೂ, ಆ ಊರಿನ ಹೆಸರಾದ ಹೆಂಚು ಹಾಗೂ ಮಣ್ಣಿನ ಸಾಮಾನುಗಳೂ ಹೊರಗಿನ ಪೇಟೆಗಳನ್ನು ಕಂಡವು. ಬೆಳಗಾವಿಗಾದರೋ ತೊಂದರೆಯು ಉಳಿಯಿತು. ಹೆದ್ದಾರಿಯಿಂದ ಎಪ್ಪತ್ತೈದು ಕಿಲೋಮೀಟರುಗಳಷ್ಟಿರುವ ಧಾರವಾಡವು ರೈಲಿನಿಂದ ನೂರಿಪ್ಪತ್ತಕ್ಕೆ ಬೆಳೆಯಿತು. ಸಿ.ಕೆ. ಜಾಫರ್ ಷರೀಫರು ರೈಲ್ವೆ ಮಂತ್ರಿಗಳಾಗಿದ್ದಾಗ 1992ರಲ್ಲಿ ದೇಶದ ಹಳಿಗಳನ್ನೆಲ್ಲ ಒಂದೇ ಅಳತೆಗೆ ತರುವ ಯೋಜನೆಯು ಹೊರಟಿತು. ಆ ದಶಕದಲ್ಲಿಯೇ ಮೀರಜ ಲೋಂಡಾಗಳ ಕಿರಿಯಳತೆಯ ಹಳಿಯು ಹಿರಿಯಳತೆಯದಾಯಿತು. ಹಳಿಯು ಅಗಲವಾಯಿತು, ದಾರಿಯು ಹತ್ತಿರವಾಗಲಿಲ್ಲ.

ಹದಿನಾರು ತಿಂಗಳ ಮಂತ್ರಿಪದ

ಅಂಗಡಿಯವರು ಅಧಿಕಾರ ವಹಿಸಿದ ತಿಂಗಳೊಳಗಾಗಿ, 2019ರ ಜೂನ್ ಕೊನೆಗೆ, ಬೆಳಗಾವಿಯಿಂದ ಬೆಂಗಳೂರಿಗೆ ರಾತ್ರಿಯ ಹೊಸ ಗಾಡಿಯೊಂದು ಹೊರಟಿತು. ಅದುವರೆಗೆ ರಾಣಿ ಚನ್ನಮ್ಮಾ ಗಾಡಿಯ ಇಕ್ಕಟ್ಟನ್ನೇ ನೆಚ್ಚಿದ್ದ ಜನಕ್ಕೆ ಇದರಿಂದ ದೊಡ್ಡ ಸೌಕರ್ಯವಾಯಿತು. ರಾತ್ರಿ ಊಟ ಮುಗಿಸಿ ಹತ್ತಿ, ಬೆಳಿಗ್ಗೆ ರಾಜಧಾನಿಯಲ್ಲಿಳಿದು, ಕಚೇರಿಯ ಕೆಲಸವನ್ನೋ ಪೇಟೆಯ ಕೆಲಸವನ್ನೋ ತೀರಿಸಿಕೊಂಡು ಮರುರಾತ್ರಿ ತಿರುಗುವದೆಂದರೆ ವ್ಯಾಪಾರಿಯ ದಿನವೊಂದು ಉಳಿದಂತೆಯೇ. ದಿನದ ಬೆಲೆಯನ್ನು ಬಲ್ಲವರೇ ಇಂಥ ಗಾಡಿಯನ್ನು ಮೊದಲು ನೆನೆಯುವರು.

ಲೋಂಡಾದಿಂದ ಖಾನಾಪುರ, ಬೆಳಗಾವಿಗಳ ಮೇಲೆ ಘಟಪ್ರಭೆಯ ವರೆಗೆ ಎರಡನೆಯ ಹಳಿಯನ್ನು ಹಾಕುವ ಕೆಲಸಕ್ಕೂ, ಬೆಳಗಾವಿ ನಿಲ್ದಾಣವನ್ನು ಹೊಸದಾಗಿ ಕಟ್ಟುವ ಕೆಲಸಕ್ಕೂ ಅವರು ಬೆಂಬಲವಾಗಿ ನಿಂತರು. ಇವೆರಡನ್ನೂ ಪ್ರಧಾನಮಂತ್ರಿಗಳು ಬೆಳಗಾವಿಗೆ ಬಂದು ಲೋಕಾರ್ಪಣ ಮಾಡಿದುದು 2023ರ ಫೆಬ್ರುವರಿ 27ರಂದು. ನಿಲ್ದಾಣಕ್ಕೆ ಸುಮಾರು 190 ಕೋಟಿ, ಜೋಡುಹಳಿಗೆ ಸುಮಾರು 930 ಕೋಟಿ ರೂಪಾಯಿಗಳು ವೆಚ್ಚವಾದವು. 2008ರ ಕ್ಷೇತ್ರವಿಂಗಡಣೆಯಂತೆ ಖಾನಾಪುರವು ಉತ್ತರ ಕನ್ನಡ ಲೋಕಸಭಾ ಕ್ಷೇತ್ರಕ್ಕೆ ಸೇರಿದುದರಿಂದ ಅಲ್ಲಿಯ ಮತಗಳು ಅಂಗಡಿಯವರಿಗೆ ಬೀಳತಕ್ಕವಲ್ಲ. ಆದರೂ ಅವರ ಖಾತೆಯ ಜೋಡುಹಳಿಯು ಖಾನಾಪುರವನ್ನು ಹಾಯ್ದೇ ಹೋಯಿತು.

ಎಲ್ಲಕ್ಕೂ ಮಿಗಿಲಾಗಿ ಅವರು ಕೈಯಿಕ್ಕಿದುದು ಬೆಳಗಾವಿಯಿಂದ ಕಿತ್ತೂರಿನ ಮೇಲೆ ಧಾರವಾಡಕ್ಕೆ ನೇರ ಹಳಿಯ ಕಾರ್ಯಕ್ಕೆ. ಬಹುಕಾಲದಿಂದ ಅರ್ಜಿಗಳಲ್ಲಿಯೇ ಉಳಿದಿದ್ದ ಈ ದಾರಿಗೆ 2020ರಲ್ಲಿ ಮಂಜೂರಾತಿಯು ದೊರೆಯಿತು. ಉದ್ದವು ಸುಮಾರು 73 ಕಿಲೋಮೀಟರು. ಅಂದಾಜು ವೆಚ್ಚವು 927 ಕೋಟಿ ರೂಪಾಯಿ. ಅರ್ಧ ವೆಚ್ಚವನ್ನು ರಾಜ್ಯ ಸರಕಾರವು ವಹಿಸಿ, ಭೂಮಿಯನ್ನು ಬಿಟ್ಟಿಯಾಗಿ ಕೊಡತಕ್ಕದ್ದೆಂದು ಒಡಂಬಡಿಕೆಯಾಯಿತು. ಮಂತ್ರಿಗಳು ಹುಟ್ಟಿದ ಕೆ.ಕೆ. ಕೊಪ್ಪವೂ ಈ ದಾರಿಯ ಊರುಗಳಲ್ಲೊಂದು.

ಗುಣಗಳನ್ನು ಹೇಳುವಾಗ ದೋಷವನ್ನು ಮುಚ್ಚಿಡುವದು ಚರಿತ್ರೆಯ ಧರ್ಮವಲ್ಲ. 2019ರ ಡಿಸೆಂಬರಿನಲ್ಲಿ ಪೌರತ್ವ ಕಾಯದೆಯ ವಿರುದ್ಧ ಚಳವಳಿಗಳು ನಡೆದಾಗ, ರೈಲ್ವೆಯ ಆಸ್ತಿಯನ್ನು ಹಾಳುಮಾಡುವವರನ್ನು ಕಂಡಲ್ಲಿ ಗುಂಡಿಕ್ಕಬೇಕೆಂದು ಅವರಾಡಿದ ಮಾತು ದೇಶದಲ್ಲೆಲ್ಲ ಟೀಕೆಗೆ ಗುರಿಯಾಯಿತು. ಸಾರ್ವಜನಿಕರ ಸೊತ್ತನ್ನು ಕಾಯುವದು ಮಂತ್ರಿಯ ಕರ್ತವ್ಯವು ನಿಜ. ಆದರೆ ಪ್ರಜೆಯ ಪ್ರಾಣಕ್ಕಿಂತ ಗಾಡಿಯ ಡಬ್ಬಿಯು ಹೆಚ್ಚಿನದಲ್ಲ. ತೂಗಿ ಕೊಡುವದನ್ನು ಬಲ್ಲವರು ಆಡುವ ಮಾತನ್ನೂ ತೂಗಬೇಕಾಗಿತ್ತು.

ಮಹಾಮಾರಿ ಮತ್ತು ಲಿಂಗೈಕ್ಯ

2020ರ ಮಾರ್ಚಿನಲ್ಲಿ ಕೋವಿಡ್ ಮಹಾಮಾರಿಯ ಕಾರಣದಿಂದ ಭಾರತದ ಪ್ರಯಾಣಿಕರ ಗಾಡಿಗಳೆಲ್ಲ ನಿಂತವು. 1853ರಲ್ಲಿ ಮೊದಲ ಗಾಡಿಯು ಮುಂಬಯಿಯಿಂದ ಠಾಣೆಗೆ ಓಡಿದಂದಿನಿಂದ ಇಂಥ ಸ್ತಬ್ಧತೆಯನ್ನು ದೇಶವು ಕಂಡಿರಲಿಲ್ಲ. ಕೂಲಿಕಾರರು ಹೆಂಡಿರು ಮಕ್ಕಳೊಡನೆ ಹೆದ್ದಾರಿಗಳಲ್ಲಿ ನಡೆದರು. ಮೇ 1ರಿಂದ ಅವರಿಗಾಗಿ ಶ್ರಮಿಕ ಗಾಡಿಗಳು ಹೊರಟವು. ಆಗಸ್ಟ್ 7ರಂದು ರೈತರ ಕಾಯಿಪಲ್ಲೆ ಹಣ್ಣುಗಳನ್ನು ಸಾಗಿಸುವ ಮೊದಲ ಕಿಸಾನ ಗಾಡಿಯು ಮಹಾರಾಷ್ಟ್ರದ ದೇವಳಾಲಿಯಿಂದ ಬಿಹಾರಕ್ಕೆ ಓಡಿತು. ಇವೆಲ್ಲ ಅಂಗಡಿಯವರು ಆ ಖಾತೆಯಲ್ಲಿದ್ದಾಗಲೇ ನಡೆದವು.

ಸೆಪ್ಟೆಂಬರ್ 11ರಂದು ತಮಗೂ ಆ ಬೇನೆಯು ತಗುಲಿರುವದೆಂದು ಅವರೇ ಪ್ರಕಟಿಸಿದರು. ದಿಲ್ಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ನಡೆದ ಚಿಕಿತ್ಸೆಯು ಫಲಿಸದೆ ಸೆಪ್ಟೆಂಬರ್ 23ರಂದು, ತಮ್ಮ ಅರವತ್ತೈದನೆಯ ವಯಸ್ಸಿನಲ್ಲಿ, ಲಿಂಗೈಕ್ಯರಾದರು. ಕೇಂದ್ರ ಮಂತ್ರಿಗಳಲ್ಲಿ ಈ ಮಹಾಮಾರಿಗೆ ಮೊದಲು ಬಲಿಯಾದವರು ಇವರೇ. ರೋಗದ ಕಟ್ಟಳೆಗಳ ಮೂಲಕ ದೇಹವನ್ನು ಬೆಳಗಾವಿಗೆ ತರಲಾಗಲಿಲ್ಲ. ದಿಲ್ಲಿಯ ದ್ವಾರಕೆಯಲ್ಲಿಯ ರುದ್ರಭೂಮಿಯಲ್ಲಿ ಲಿಂಗಾಯತ ಸಂಪ್ರದಾಯದಂತೆ ಸಮಾಧಿಯಾಯಿತು. ಹಗಲಿರುಳು ಗಾಡಿಗಳನ್ನು ಊರಿಗೆ ತಿರುಗಿಸಿದ ಖಾತೆಯ ಮಂತ್ರಿಗೆ ತನ್ನ ಊರಿಗೆ ತಿರುಗುವ ಕಡೆಯ ಪ್ರಯಾಣವು ದಕ್ಕಲಿಲ್ಲ. ಹುಟ್ಟಿದೂರಿನ ಮಣ್ಣು ಸಿಕ್ಕದಿದ್ದರೂ ವಿಧಿಯು ಸಿಕ್ಕಿತೆಂಬುದೇ ಬಂಧುಬಾಂಧವರಿಗೂ ಭಕ್ತರಿಗೂ ಉಳಿದ ಸಮಾಧಾನವು.

ಉಳಿದ ಬಾಕಿ

ಅವರ ಮರಣದ ಮುಂದಿನ ತಿಂಗಳು, ಅಕ್ಟೋಬರ್ 7ರಂದು, ಬೆಂಗಳೂರಿನ ಉಪನಗರ ರೈಲ್ವೆ ಯೋಜನೆಗೆ ಕೇಂದ್ರ ಸರಕಾರದ ಒಪ್ಪಿಗೆ ಬಂದಿತು. ಅದಕ್ಕಾಗಿಯೂ ಅವರು ಶ್ರಮಿಸಿದ್ದರು. ತೆರವಾದ ಸ್ಥಾನಕ್ಕೆ 2021ರಲ್ಲಿ ನಡೆದ ಉಪಚುನಾವಣೆಯಲ್ಲಿ ಅವರ ಧರ್ಮಪತ್ನಿ ಮಂಗಲಾ ಅಂಗಡಿಯವರು ಸತೀಶ ಜಾರಕಿಹೊಳಿಯವರ ವಿರುದ್ಧ ಗೆದ್ದರು. ಗೆಲುವಿನ ಅಂತರವು 5,240 ಮತಗಳು ಮಾತ್ರ. ಎರಡೇ ವರ್ಷಗಳಲ್ಲಿ ಲಕ್ಷಗಳು ಸಾವಿರಗಳಿಗಿಳಿದುದನ್ನು ನೋಡಿದರೆ, ಜನರ ವಿಶ್ವಾಸವೆಂಬ ಬಂಡವಾಳವು ಯಾವ ಮನೆತನದ ಸ್ಥಿರಾಸ್ತಿಯೂ ಅಲ್ಲವೆಂಬದು ಸ್ಪಷ್ಟವಾಗುವದು.

ಕಿತ್ತೂರಿನ ಹಳಿಯಾದರೋ ಬಾಕಿಯಾಗಿಯೇ ಉಳಿಯಿತು. ನಂದಿಹಳ್ಳಿ, ಗರ್ಲಗುಂಜಿ, ದೇಸೂರುಗಳ ಕಡೆಯ ಒಕ್ಕಲಿಗರು ತಮ್ಮ ಫಲವತ್ತಾದ ಹೊಲಗದ್ದೆಗಳು ಹೋಗುವವೆಂದು ತಕರಾರು ಎತ್ತಿ, ದಾರಿಯನ್ನು ಬರಡು ನೆಲದ ಕಡೆಗೆ ಸರಿಸಬೇಕೆಂದು ಬೇಡಿದರು. ಭೂಮಿಯನ್ನು ವಶಪಡಿಸಿಕೊಳ್ಳುವ ಕೆಲಸವು ವರ್ಷಗಟ್ಟಲೆ ನಡೆಯಿತು. 2024ನೆಯ ಇಸವಿ ಮುಗಿದಾಗಲೂ ಆ ದಾರಿಯಲ್ಲಿ ಹಳಿಗಳು ಬಿದ್ದಿರಲಿಲ್ಲ. ಈ ಬಾಕಿಗೆ ಎರಡು ಪುಟಗಳಿರುವವು. ನೇರವಾದ ದಾರಿಯು ಬೆಳಗಾವಿಯ ಜನಕ್ಕೆ ಸಲ್ಲತಕ್ಕ ಬಾಕಿ. ಹೊಲ ಕಳೆದುಕೊಳ್ಳುವ ಒಕ್ಕಲಿಗನಿಗೆ ನ್ಯಾಯವಾದ ಬೆಲೆಯು ಅದಕ್ಕೂ ಮೊದಲು ಸಲ್ಲತಕ್ಕ ಬಾಕಿ. ಒಂದನ್ನು ತೀರಿಸಲು ಇನ್ನೊಂದನ್ನು ಅಳಿಸುವ ಲೆಕ್ಕವು ಕಾಯಕದ ಲೆಕ್ಕವಲ್ಲ.

ಸುರೇಶ ಅಂಗಡಿಯವರಿಗೆ ಮಂತ್ರಿಪದವು ದಕ್ಕಿದುದು ಹದಿನಾರು ತಿಂಗಳಿಗೂ ಕಡಿಮೆ. ಆ ಅಲ್ಪಾವಧಿಯ ಜಮೆಯ ಪುಟದಲ್ಲಿ ಒಂದು ರಾತ್ರಿಯ ಗಾಡಿ, ಕೈಗೂಡಿದ ಜೋಡುಹಳಿ, ಹೊಸ ನಿಲ್ದಾಣ, ಮಂಜೂರಾದ ಒಂದು ದಾರಿ ಇರುವವು. ಕಿರ್ದಿಯನ್ನು ಬರೆದ ಕೈ ನಿಂತುಹೋದರೂ ಕಿರ್ದಿಯು ನಿಲ್ಲುವದಿಲ್ಲ. ಮುಂದಿನವರು ಹಿಂದಿನ ಬಾಕಿಯನ್ನು ಹೊಸ ಪುಟಕ್ಕೆ ಎಳೆದುಕೊಂಡು ಲೆಕ್ಕವನ್ನು ಮುಂದುವರಿಸಬೇಕು. ಆ ಬಾಕಿಯನ್ನು ನ್ಯಾಯವಾಗಿ ತೀರಿಸುವದೇ ಲಿಂಗೈಕ್ಯರಿಗೆ ನಾಡು ಸಲ್ಲಿಸಬಹುದಾದ ಸ್ಮಾರಕವು.