ಅಪೂರ್ವ ರೋಗಗಳ ಗುರುತು: ಬಸವಕಲ್ಯಾಣ–ಹುಮನಾಬಾದ ಪ್ರಾಂತವನ್ನು ಕುರಿತು ಒಂದು ವಿಚಾರ

ಬಸವಕಲ್ಯಾಣ, ಹುಮನಾಬಾದಗಳೆರಡೂ ದಾರಿಯ ಊರುಗಳು. ಹೈದರಾಬಾದಿನಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯು ಹುಮನಾಬಾದನ್ನು ಹಾದು ಬಸವಕಲ್ಯಾಣದ ಸಮೀಪದಲ್ಲಿ ಪಶ್ಚಿಮಕ್ಕೆ ಸಾಗುತ್ತದೆ. ಬೀದರ, ಕಲಬುರಗಿಗಳ ದಾರಿಗಳೂ ಹುಮನಾಬಾದಿನಲ್ಲಿ ಬಂದು ಕೂಡುತ್ತವೆ. ಸರಕೂ ಯಾತ್ರಿಕರೂ ಬರುವ ದಾರಿಯಲ್ಲಿ ರೋಗವೂ ಬರುವುದುಂಟು. ಕೋವಿಡ್ ರೋಗದಿಂದ ದೇಶದಲ್ಲಿ ಸಂಭವಿಸಿದ ಮೊದಲ ಮರಣವು 2020ರ ಮಾರ್ಚಿಯಲ್ಲಿ ದಾಖಲಾದುದು ನೆರೆಯ ಕಲಬುರಗಿಯಲ್ಲಿಯೇ. ಇಂತಹ ಸೀಮೆಯ ಆರೋಗ್ಯ ಕಾರ್ಯಕರ್ತರಿಗೆ, ಅವರು ಎಂದೂ ಕಣ್ಣಾರೆ ಕಾಣದ ರೋಗವನ್ನು ಗುರುತಿಸಲು ಕಲಿಸುವುದೆಂತು? ಪ್ರಶ್ನೆ ವೈದ್ಯಶಾಸ್ತ್ರದ್ದಾದರೂ, ಇತಿಹಾಸವೂ ಇದಕ್ಕೆ ಕೊಂಚ ಉತ್ತರವೀಯಬಲ್ಲುದೆಂದು ನಮ್ಮ ಎಣಿಕೆ.

ಮೊದಲು ನಮ್ಮ ನಾಡಿನದೇ ಒಂದು ನಿದರ್ಶನವನ್ನು ನೋಡೋಣ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಕಾಡಿಗೆ ಹೋಗಿಬಂದ ಜನರಿಗೂ ತೀವ್ರ ಜ್ವರ ಬಂದಿತು. ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಮೊದಲು ಹಳದಿ ಜ್ವರವಿರಬಹುದೆಂದು ಶಂಕಿಸಿದರು. ಪರೀಕ್ಷೆಯಿಂದ ಅದು ಉಣ್ಣೆಗಳ ಮೂಲಕ ಹರಡುವ ಹೊಸದೊಂದು ವೈರಸ್ ಎಂಬುದು ಸ್ಥಿರಪಟ್ಟಿತು. ಪ್ರಯೋಗಶಾಲೆಯು ವೈರಸ್ಸನ್ನು ಕಂಡುಹಿಡಿದುದು ನಿಜ. ಆದರೆ ಮಂಗಗಳ ಸಾವಿಗೂ ಮನುಷ್ಯರ ಜ್ವರಕ್ಕೂ ಇರುವ ನಂಟನ್ನು 'ಮಂಗನ ಕಾಯಿಲೆ' ಎಂಬ ಹೆಸರಿನಲ್ಲಿಯೇ ಹಿಡಿದಿಟ್ಟವರು ಹಳ್ಳಿಗರು.

ಸಿಡುಬಿನ ಇತಿಹಾಸವು ಎರಡನೆಯ ಪಾಠವನ್ನು ಕೊಡುತ್ತದೆ. 1973ರಿಂದ ದೇಶದಲ್ಲಿ ತೀವ್ರಗೊಂಡ ಶೋಧನೆಯಲ್ಲಿ ಕಾರ್ಯಕರ್ತರು ರೋಗಿಯ ಚಿತ್ರವಿದ್ದ ಗುರುತಿನ ಚೀಟಿಯನ್ನು ಹಿಡಿದು ಮನೆಮನೆಗೆ ಹೋದರು. ಸಿಡುಬಿನ ಗುಳ್ಳೆಗಳು ಮುಖ, ಕೈಕಾಲುಗಳಲ್ಲಿ ದಟ್ಟವಾಗಿದ್ದು, ಅಂಗೈ ಅಂಗಾಲುಗಳಲ್ಲಿಯೂ ಏಳುತ್ತವೆ. ಒಂದೆಡೆಯ ಗುಳ್ಳೆಗಳೆಲ್ಲ ಒಂದೇ ಹದದಲ್ಲಿರುತ್ತವೆ. ಸೀತಾಳೆ ಸಿಡುಬಿನವಾದರೋ ಮುಂಡದಲ್ಲಿ ಹೆಚ್ಚು, ಹದವೂ ಬೇರೆಬೇರೆ. ಇಷ್ಟನ್ನು ಅರಿಯಲು ದೊಡ್ಡ ಪದವಿ ಬೇಕಿರಲಿಲ್ಲ. 1975ರ ಮೇ ತಿಂಗಳ ತರುವಾಯ ಭಾರತದಲ್ಲಿ ಸಿಡುಬು ಕಾಣಲಿಲ್ಲ.

ಆದರೆ ರೋಗದೊಡನೆ ಅದರ ಗುರುತೂ ಮರೆಯಾಗುವುದೆಂಬುದೇ ಇಲ್ಲಿಯ ವಿಷಮತೆ. ಪ್ಲೇಗನ್ನು ನೋಡಿರಿ. ಪ್ರಯೋಗಶಾಲೆಯಲ್ಲಿ ದೃಢಪಟ್ಟ ಪ್ರಕರಣವು 1966ರಲ್ಲಿ ಕೋಲಾರ ಜಿಲ್ಲೆಯ ಮುಳಬಾಗಿಲಿನ ಕಡೆ ಕಂಡ ಮೇಲೆ, 28 ವರ್ಷ ದೇಶದಲ್ಲಿ ಮತ್ತೊಂದು ಕಾಣಲಿಲ್ಲ. 1994ರಲ್ಲಿ ಅದು ಬೀಡ ಜಿಲ್ಲೆಯಲ್ಲಿಯೂ ಬಳಿಕ ಸೂರತ್ತಿನಲ್ಲಿಯೂ ತಲೆಯೆತ್ತಿದಾಗ, ಅದನ್ನು ಪುಸ್ತಕದಲ್ಲಲ್ಲದೆ ರೋಗಿಯಲ್ಲಿ ಕಂಡ ವೈದ್ಯರು ವಿರಳ. ಸೂರತ್ತಿನಿಂದ ಲಕ್ಷಾಂತರ ಜನ ಓಡಿಹೋದರು. ಬೀಡವು ಬಸವಕಲ್ಯಾಣಕ್ಕೆ ಪರದೇಶವಲ್ಲ. 1956ರವರೆಗೆ ಎರಡೂ ಹೈದರಾಬಾದ್ ರಾಜ್ಯಕ್ಕೇ ಸೇರಿದ್ದವು. ಈ ಅನುಭವದ ಹಿನ್ನೆಲೆಯಲ್ಲಿ ಬೆಳೆದ ಸಮಗ್ರ ರೋಗ ಕಣ್ಗಾವಲು ಯೋಜನೆಯು 2004ರಲ್ಲಿ ಆರಂಭವಾದಾಗ, ಅದರ ಮೊದಲ ವರದಿಯನ್ನು ತುಂಬುವ ಹೊಣೆ ಬಿದ್ದುದು ಹಳ್ಳಿಯ ಆರೋಗ್ಯ ಕಾರ್ಯಕರ್ತರ ಮೇಲೆ. ಅವರು ರೋಗದ ಹೆಸರನ್ನು ಹೇಳಬೇಕಾಗಿಲ್ಲ. ಲಕ್ಷಣವನ್ನು ತಿಳಿಸಿದರೆ ಸಾಕು.

ರೋಗವನ್ನು ಬೇಕೆಂದೇ ಹರಡಿದಾಗಲೂ ಈ ಮಾತು ನಿಲ್ಲುತ್ತದೆ. 2001ರಲ್ಲಿ ಅಮೆರಿಕದಲ್ಲಿ ಅಂಚೆಯ ಮೂಲಕ ಆಂಥ್ರಾಕ್ಸ್ ಹರಡಲ್ಪಟ್ಟು 22 ಮಂದಿ ರೋಗಪೀಡಿತರಾಗಿ, ಅವರಲ್ಲಿ 5 ಮಂದಿ ಮಡಿದರು. ಅದು ಬೆಳಕಿಗೆ ಬಂದುದು ಗೂಢಚಾರರಿಂದಲ್ಲ. ಫ್ಲಾರಿಡಾದ ಒಬ್ಬ ವೈದ್ಯರು ರೋಗಿಯ ಬೆನ್ನುಹುರಿಯ ದ್ರವದಲ್ಲಿ ಕಂಡ ಕಡ್ಡಿಯಾಕಾರದ ಜೀವಾಣುಗಳನ್ನು ಉಪೇಕ್ಷಿಸದೆ ಇದ್ದುದರಿಂದ. ನಮ್ಮ ಸೀಮೆಯಲ್ಲಿ ಆ ರೋಗದ ಸುಳಿವು ಮೊದಲು ಸಿಕ್ಕುವುದು ದನಕುರಿಗಳ ಹಠಾತ್ ಸಾವಿನಲ್ಲಿ. ಪಶುವೈದ್ಯ ವಿಶ್ವವಿದ್ಯಾನಿಲಯವೂ ವೈದ್ಯಕೀಯ ವಿಜ್ಞಾನ ಸಂಸ್ಥೆಯೂ ಬೀದರಿನಲ್ಲಿಯೇ ಇರುವಾಗ, ಅವೆರಡರ ಪಾಠವು ಒಂದೇ ಕೊಠಡಿಯಲ್ಲಿ ಆಶಾ ಕಾರ್ಯಕರ್ತೆಗೂ ದೊರೆಯುವುದು ಅಸಾಧ್ಯವೇನಲ್ಲ.

ಆದುದರಿಂದ ಕಲಿಸಬೇಕಾದುದು ರೋಗಗಳ ಉದ್ದದ ಪಟ್ಟಿಯನ್ನಲ್ಲ. ವಾಡಿಕೆಗೆ ಹೊರತಾದುದನ್ನು ಕಾಣುವ ಕಣ್ಣನ್ನು, ಕಂಡುದನ್ನು ಅಂದೇ ತಿಳಿಸುವ ಅಭ್ಯಾಸವನ್ನು. ತಿಳಿಸಿದುದು ಹುಸಿಯಾದರೂ ಗದರಿಸದ ಮೇಲಧಿಕಾರಿಯೂ ಅಷ್ಟೇ ಅವಶ್ಯ. ರೋಗವಿಲ್ಲದ ಕಾಲದಲ್ಲಿಯೇ ಈ ಪಾಠವನ್ನು ಮತ್ತೆಮತ್ತೆ ನಡೆಸದಿದ್ದರೆ, 28 ವರ್ಷಗಳ ಮರೆವು ಮರುಕಳಿಸದೆಂದು ಹೇಳಲು ಇತಿಹಾಸದಲ್ಲಿ ಆಧಾರವಿಲ್ಲ.